ಬಚ್ಚಲ ಬಾಗಿಲಿನ ಪರವಾಗಿ ‘ಕಾರ್ಡಿನಲ್’ ಎಂಬ ಪದಕ್ಕೆ

ಮಹಾಪದವಿಗಳನ್ನು ಅಲಂಕರಿಸಿರುವ ‘ಕಾರ್ಡಿನಲ್’ ಪದ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ತಾವು ಸಕಲ ಇಂಗ್ಲಿಷ್ ನಿಘಂಟುಗಳಲ್ಲೂ ಕ್ಷೇಮವೆಂದು ಬಲ್ಲೆ. ಇಲ್ಲಿ ನಮ್ಮ ಬಚ್ಚಲ ಬಾಗಿಲು ಕ್ಷೇಮವಾಗಿಲ್ಲ. ಅದರ ಕೀಲು ಕಿತ್ತುಬಂದು ತಿಂಗಳಾಯಿತು. ವಯಸ್ಸಾದ ನಮ್ಮ ಅತ್ತೆ ಸ್ನಾನಕ್ಕೆ ಹೋದಾಗಲೆಲ್ಲ ನಾನು ಹೊರಗೆ ನಿಂತು ಬಾಗಿಲನ್ನು ಭುಜದಿಂದ ಒತ್ತಿ ಹಿಡಿಯಬೇಕು. ಅವರು ಒಳಗಿನಿಂದ “ಇದ್ದೀಯೇನಮ್ಮಾ, ಹೋಗ್ಬಿಡಬೇಡ” ಎಂದು ಕೂಗುತ್ತಲೇ ಅವಸರದಲ್ಲಿ ನಾಲ್ಕು ಚೊಂಬು ಸುರಿದುಕೊಂಡು ಬಂದುಬಿಡುತ್ತಾರೆ.

ಹೊಸ ಕೀಲು ತನ್ನಿರೆಂದು ನಮ್ಮ ಯಜಮಾನರನ್ನು ಅಂಗಡಿಗೆ ಅಟ್ಟಿದೆ. ಭಾಷಾಶಾಸ್ತ್ರ ಕಲಿಸುವ ಅವರು ಬರಿಗೈಯಲ್ಲಿ ಮರಳಿ, ಕೀಲಿಗೆ ಲ್ಯಾಟಿನ್ನಿನಲ್ಲಿ ‘ಕಾರ್ಡೊ’ ಎನ್ನುತ್ತಾರೆಂದೂ ತಾವು ಅದೇ ವಂಶದ ಕುಡಿಯೆಂದೂ ಕಣ್ಣರಳಿಸಿ ಉಪನ್ಯಾಸ ಕೊಟ್ಟರು. ಅಂದಿನಿಂದ ಮನೆಯಲ್ಲಿ ತಮ್ಮದೇ ಭಜನೆ.

ಆಹಾ, ಏನು ತಮ್ಮ ಏಳಿಗೆ! ಯಾರದೋ ಚೌಕಟ್ಟಿನಲ್ಲಿ ಕಿರುಗುಟ್ಟುತ್ತಿದ್ದ ಮನೆತನದವರು, ಎಲ್ಲವೂ ತಮ್ಮ ಮೇಲೆಯೇ ತಿರುಗುತ್ತದೆಂಬ ನೆಪದಲ್ಲಿ ‘ಪ್ರಧಾನ’ರಾದಿರಿ; ಒಂದು, ಎರಡು, ಮೂರು ಎಂಬ ಎಣಿಕೆಯನ್ನು ಹೆಸರಿಗೆ ಬರೆಸಿಕೊಂಡಿರಿ, ನಾಲ್ಕು ದಿಕ್ಕುಗಳನ್ನೂ ನುಂಗಿದಿರಿ, ಸದ್ಗುಣಗಳಲ್ಲಿ ಮೇಲಾದವನ್ನು ಆರಿಸಿಕೊಂಡಿರಿ, ಕೊನೆಗೆ ಚರ್ಚಿನಲ್ಲಿ ಕೆಂಪು ನಿಲುವಂಗಿ ತೊಟ್ಟ ಹಿರಿಯ ಗುರುಗಳೂ ಆದಿರಿ. ಅಷ್ಟಕ್ಕೂ ತೃಪ್ತಿಯಿಲ್ಲದೆ ಆ ಬಟ್ಟೆಯ ಬಣ್ಣಕ್ಕೂ, ಆ ಬಣ್ಣದ ಹಕ್ಕಿಗೂ ತಮ್ಮದೇ ಹೆಸರು. ಪಾಪ, ಹಕ್ಕಿಯಾದರೂ ಮರಿಗಳ ಹೊಟ್ಟೆ ನೋಡಿಕೊಳ್ಳುತ್ತದೆ. ತಮಗೆ ಮಾತ್ರ ಒಂದು ಬಾಗಿಲು ಹೊರಲು ಪುರುಸೊತ್ತಿಲ್ಲ! ಆ ಗುರುಗಳು ತಮ್ಮ ಮಹಾಗುರುವಾದ ಪೋಪರನ್ನು ಆರಿಸುವಾಗ ಬಾಗಿಲು ಭದ್ರಪಡಿಸಿಕೊಳ್ಳುತ್ತಾರಂತೆ. ಅದನ್ನು ಹೊರಗಿನಿಂದ ಯಾರ ಮನೆಯ ಸೊಸೆ ಭುಜಕೊಟ್ಟು ಹಿಡಿದಿರುತ್ತಾಳೆಂದು ದಯಮಾಡಿ ತಿಳಿಸಬೇಕು.

ಆದಕಾರಣ ತಾವು ನಿಲುವಂಗಿಯನ್ನು ಗೂಟಕ್ಕೆ ನೇತುಹಾಕಿ, ದಿಕ್ಕುಗಳನ್ನು ನಂಬಿಕಸ್ಥರಿಗೆ ಒಪ್ಪಿಸಿ, ಒಂದೇ ಒಂದು ಬೆಳಗ್ಗೆ ನಮ್ಮ ಬಚ್ಚಲಿಗೆ ಬಂದು ತಗುಲಿಕೊಳ್ಳಬೇಕೆಂದು ಕೈಮುಗಿದು ಬೇಡುತ್ತೇನೆ. ಸ್ಕ್ರೂ, ಎಣ್ಣೆ ನಮ್ಮದೇ. ಅತ್ತೆ ಯಾರನ್ನೂ ಕೂಗದೆ ಒಮ್ಮೆ ನೆಮ್ಮದಿಯಾಗಿ ಮಿಂದು ಬರಲಿ. ಆಮೇಲೆ ತಾವು ಮತ್ತೆ ನಿಘಂಟು ಹತ್ತಬಹುದು.

ತಮ್ಮ ಏಳಿಗೆಯನ್ನು ಕೇಳಿ ಕೇಳಿ ಕಿವಿಯೂ, ಬಾಗಿಲು ಹಿಡಿದು ಹಿಡಿದು ಭುಜವೂ ನೊಂದಿರುವ
ತಮ್ಮ ವಿಶ್ವಾಸಿ,
ಭಾಷಾಪಂಡಿತರ ಹೆಂಡತಿ

ತಾ.ಕ.: ಪತ್ರವನ್ನು ನಮ್ಮವರಿಗೆ ತೋರಿಸಿದೆ. ಬಹಳ ಮೆಚ್ಚಿ, ಎರಡು ಕಡೆ ಕಾಗುಣಿತ ತಿದ್ದಿಕೊಟ್ಟರು. ಸರಿ, ತಮ್ಮ ದಾರಿ ಕಾಯುವುದನ್ನು ಬಿಟ್ಟು, ಅವರ ಓದುವ ಕೋಣೆಯ ಬಾಗಿಲಿನ ಕೀಲುಗಳನ್ನೇ ಬಿಚ್ಚಿ ಬಚ್ಚಲಿಗೆ ಹಾಕಿದ್ದೇನೆ. ಅತ್ತೆ ಒಳಗೆ ಹೋಗಿ ಗಂಟೆಯಾಯಿತು, ಹಾಡಿಕೊಳ್ಳುತ್ತಿದ್ದಾರೆ. ತಮ್ಮ ವಿದ್ವಾಂಸರು ಒಂದು ಕೈಯಲ್ಲಿ ನಿಘಂಟು, ಇನ್ನೊಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು, “ಇದ್ದೀಯೇನೇ?” ಎಂದು ನನ್ನನ್ನು ಕೂಗುತ್ತಿದ್ದಾರೆ. ನಾನು ಇಲ್ಲ.