ರಂಗಂಪೇಟೆಯವರೆಗಿನ ನೇಪಾಳಯಾತ್ರೆ

೧೯೫೭ನೆಯ ಇಸವಿ, ಜನವರಿ ಹದಿನೆಂಟು, ಶುಕ್ರವಾರ. ಬೆಳಗಿನ ಜಾವ ಮಂಜು ಮುಸುಕಿತ್ತು. ಎಂಟರ ಹೊತ್ತಿಗೆ ಬಿಸಿಲು ಬಿತ್ತು. ಮಧ್ಯಾಹ್ನ ಮೂಡಗಾಳಿ ಎದ್ದಿತು. ಸುರಪುರದ ವಕೀಲ ಅಯ್ಯಣ್ಣನವರು ಪರದೇಶಕ್ಕೆ ಹೊರಡಲು ಇದಕ್ಕಿಂತ ಪ್ರಶಸ್ತವಾದ ದಿನವನ್ನು ಆಕಾಶವೂ ಪಂಚಾಂಗವೂ ಕೂಡಿ ಒದಗಿಸುವಂತಿರಲಿಲ್ಲ.

ನೇಪಾಳಕ್ಕೆ ಹೊಸ ಮೋಟಾರು ರಸ್ತೆಯಾಗಿದೆ ಎಂದು ಪತ್ರಿಕೆಯಲ್ಲಿ ಓದಿದ ದಿನದಿಂದ ಅವರಿಗೆ ಸುರಪುರದ ಗುಡ್ಡಗಳು ಚಿಕ್ಕವಾಗಿ ಕಾಣತೊಡಗಿದ್ದವು. ಧರ್ಮಶಾಲೆಯ ತಿಗಣೆಗಳಿಗೆ ರಕ್ತದಾನ ಮಾಡುತ್ತ ಹೋಗುವ ಯಾತ್ರೆ ಅವರಿಗೆ ಬೇಡವಾಗಿತ್ತು. ಮನೆಯನ್ನೇ ಗಾಲಿಯ ಮೇಲೆ ಒಯ್ಯಬೇಕು! ಬಾಲ್ಯದ ಗೆಳೆಯ ದಸ್ತಗೀರಸಾಬ ತನ್ನ ರಿಪೇರಿ ಅಂಗಡಿಯ ಹಿಂದೆ ನಿಲ್ಲಿಸಿದ್ದ ಹಳೆಯ ಬಸ್ಸನ್ನು ಕೊಟ್ಟ. ಜವಳಿ ವ್ಯಾಪಾರಿ ಗುರಪ್ಪ ಕಿಟಕಿಗಳಿಗೆ ಹೂವಿನ ಪರದೆ ಹೊಲಿಸಿದ. ಸೀಟುಗಳು ಹೊರಬಿದ್ದವು, ಹೊರಡುವ ಈ ಮೂವರಿಗೆ ಮೂರು ಮಂಚ, ಒಂದು ಒಲೆ, ಎರಡು ಚೀಲ ಜೋಳ ಒಳಬಂದವು. ನೇಪಾಳದಲ್ಲಿ ಜೋಳದ ರೊಟ್ಟಿ ಸಿಗದಿದ್ದರೆ? ಕಡೆಗೆ ಬೀಸುಕಲ್ಲೂ ಬಂತು. ಅದರ ಹಿಂದೆಯೇ ನಾಲ್ವರು ಹೊತ್ತ ಒರಳುಕಲ್ಲು ಬಂದಾಗ ದಸ್ತಗೀರಸಾಬ ಬಾಗಿಲಿಗೆ ಅಡ್ಡ ನಿಂತ.

"ವಕೀಲಸಾಬ್, ಇದು ಬಸ್ಸರಿ. ಬಂಗ್ಲೆ ಅಲ್ಲ."

"ಮನಿ ಅಂದಮ್ಯಾಲ ಒರಳು ಬ್ಯಾಡೇನೋ?" ಎಂದು ಅಯ್ಯಣ್ಣನವರು ತೀರ್ಪು ಕೊಟ್ಟರು.

ಅದೇ ನ್ಯಾಯದಿಂದ ಮನೆಗೆ ಹೊಸ್ತಿಲೂ ಬೇಕಾಯಿತು. ಬಡಿಗರನ್ನು ಕರೆಸಿ ಬಸ್ಸಿನ ಬಾಗಿಲಿಗೆ ಸಾಗುವಾನಿಯ ಹೊಸ್ತಿಲು ಕೂಡಿಸಿ, ಅರಿಶಿನ ಕುಂಕುಮ ಹಚ್ಚಿ, ಒಲೆಯ ಮೇಲೆ ಹಾಲು ಉಕ್ಕಿಸಿ, ಶಾಸ್ತ್ರೋಕ್ತವಾಗಿ ಗೃಹಪ್ರವೇಶ ಮಾಡಿದರು.

ಪತ್ನಿ ಪಾರ್ವತೆಮ್ಮ ಈ ಸಂಭ್ರಮವನ್ನು ಕಟ್ಟೆಯ ಮೇಲೆ ಕುಳಿತೇ ನೋಡಿದರು. "ಹೋದ ನವೆಂಬರದಾಗ ನಾವು ಈ ಕಟ್ಟಿ ಬಿಟ್ಟು ಏಳದನ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕ ಹೋದೀವಿ. ಅಷ್ಟು ತಿರುಗಿದ್ದು ಸಾಲಲಿಲ್ಲೇನ್ರಿ ನಿಮಗ?"

ಒಂದು ತೊಡಕಿತ್ತು. ಸೋಮವಾರ ಅಯ್ಯಣ್ಣನವರಿಗೆ ಮೊಕದ್ದಮೆಯ ತಾರೀಖು, ಮಂಗಳವಾರವೇ ಹೊರಡಬೇಕು, ಮಂಗಳವಾರ ಹೊರಡಬಾರದು. ಇಂಥ ಇಕ್ಕಟ್ಟಿಗೆ ಹಿರಿಯರು ಪ್ರಸ್ಥಾನ ಎಂಬ ದಾರಿ ಮಾಡಿಟ್ಟಿದ್ದಾರೆ: ಒಳ್ಳೆಯ ದಿನ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಂದರೆ ಯಾತ್ರೆ ಅಂದೇ ಹೊರಟಂತೆ. ಆಮೇಲೆ ಆ ಗಂಟು ಮನೆಗೆ ಮರಳಬಾರದು, ಅಷ್ಟೆ. ಆದರೆ ಮನೆಯನ್ನೇ ಒಯ್ಯುವವರು ಗಂಟನ್ನು ಇಡುವುದೇ? ಇಡೀ ಬಸ್ಸನ್ನೇ, ತಮ್ಮ ಸಮೇತ, ಪಕ್ಕದ ರಂಗಂಪೇಟೆಯಲ್ಲಿ ಪ್ರಸ್ಥಾನವಾಗಿ ಇಡಲು ಅಯ್ಯಣ್ಣನವರು ನಿಶ್ಚಯಿಸಿದರು. ಕೊರಳಲ್ಲಿ ಹಾರ ಬಿದ್ದಿತ್ತು, ಎದುರಿಗೆ ಜನ ಸೇರಿದ್ದರು, ನಾಲಿಗೆ ವಕೀಲರದು. ಪಶುಪತಿನಾಥನ ದರ್ಶನವಾಗದೆ ನನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಪ್ರಮಾಣ ಮಾಡಿಯೇಬಿಟ್ಟರು.

ಬಸ್ಸು ಹೊರಟಿತು. ಬೀಳ್ಕೊಟ್ಟ ಜನರು ನಡೆದುಕೊಂಡೇ ಮುಂದೆ ಹೋಗಿ ರಂಗಂಪೇಟೆಯಲ್ಲಿ ಸ್ವಾಗತಕ್ಕೂ ನಿಂತರು.

ದಸ್ತಗೀರಸಾಬನ ಅತ್ತೆ ಜೈತುನಬೀಯ ಅಂಗಳದಲ್ಲಿ ಬಸ್ಸು ತಂಗಿತು. ಸೋಮವಾರ ಅಯ್ಯಣ್ಣನವರು ಕೋರ್ಟಿಗೆ ನಡೆದರು. ದಾರಿ ಅವರದೇ ಮನೆಯ ಮುಂದಿನದು. ಕಟ್ಟೆಯ ಮೇಲಿದ್ದ ಪಾರ್ವತೆಮ್ಮ, ಪರದೇಶದಲ್ಲಿರುವ ಗಂಡನನ್ನು ನೆನೆಯುವವರಂತೆ, ಅವರ ತಲೆಯ ಮೇಲಿಂದ ದೂರಕ್ಕೆ ನೋಡಿದರು.

ಮಂಗಳವಾರ ಬೆಳಗ್ಗೆ ತೆಂಗಿನಕಾಯಿ ಒಡೆಯಿತು. ಮೊದಲ ಮಜಲು ಶಹಾಪುರ ಎಂದು ಅಯ್ಯಣ್ಣನವರು ಘೋಷಿಸಿದರು. ಎಂಜಿನ್ನು ಗುಡುಗಿತು, ಬಸ್ಸು ಒಮ್ಮೆ ಮುಂದಕ್ಕೆ ಜಿಗಿಯಿತು. ಆ ಜಿಗಿತಕ್ಕೆ ಒರಳುಕಲ್ಲು ನೆಲದ ಹಲಗೆಯನ್ನು ಸೀಳಿ, ಹಿಂದಿನ ಅಚ್ಚನ್ನು ಮುರಿದು, ಜೈತುನಬೀಯ ಅಂಗಳದಲ್ಲಿ ಭೂಸ್ಪರ್ಶ ಮಾಡಿತು. ಯಾತ್ರಿಕರ ಪೈಕಿ ಗುರಿ ಮುಟ್ಟಿದ್ದು ಅದೊಂದೇ.

ದಸ್ತಗೀರಸಾಬ ಬಗ್ಗಿ ನೋಡಿ ಎದ್ದ. "ಮನಿ ಅಂದ್ರಲ್ರಿ ವಕೀಲಸಾಬ್. ತಗೋರಿ, ಪಾಯಾನೂ ಬಿತ್ತು."

ಹೊಸ ಅಚ್ಚು ತರಲು ಅವನು ಯಾದಗಿರಿಯಿಂದ ರೈಲು ಹತ್ತಿ ಹೈದರಾಬಾದಿಗೆ ಹೋದ. ಗುರಪ್ಪ ಕನ್ನಡಕ ಮರೆತಿದ್ದೇನೆಂದು ಮನೆಗೆ ಹೋದವನು ಬರಲೇ ಇಲ್ಲ. ಹೇಳಿಕಳಿಸಿದ್ದಕ್ಕೆ, "ಪ್ರಮಾಣ ಮಾಡಿದಾವ್ರು ಅವರು. ನಾ ಬರೇ ಪರದೆ ಹೊಲಿಸಿದಾಂವ" ಎಂದು ಉತ್ತರ ಬಂತು.

ಉಳಿದವರು ಅಯ್ಯಣ್ಣನವರು ಒಬ್ಬರೇ. ನೆಲದ ತೂತಿನಿಂದ ಥಂಡಿಗಾಳಿ ನುಗ್ಗುತ್ತಿತ್ತು, ಅದರ ಹಿಂದೆ ಜೈತುನಬೀಯ ಆಡು ನುಗ್ಗುತ್ತಿತ್ತು. ಅವರು ತಟ್ಟಿದ ರೊಟ್ಟಿಯನ್ನು ಆ ಆಡು ಮೂಸಿ, ಯೋಚಿಸಿ, ಪರದೆಯನ್ನು ತಿಂದಿತು. ನೆಗಡಿಯಾಯಿತು, ಕೆಮ್ಮಾಯಿತು. ಕೂಗಿದರೆ ಕೇಳುವಷ್ಟು ದೂರದಲ್ಲಿ ಸ್ವಂತ ಮನೆ, ಬಿಸಿನೀರು, ಎಣ್ಣೆಗಾಯಿ ಇದ್ದವು. ಆದರೆ ನುಡಿದ ಮಾತು ನುಂಗಿದರೆ ನಾಳೆ ಕೋರ್ಟಿನಲ್ಲಿ ಯಾವ ಮುಖವಿಟ್ಟುಕೊಂಡು ಸಾಕ್ಷಿಯವನಿಗೆ ಪ್ರಮಾಣದ ಮಹತ್ವ ಹೇಳುವುದು? ದಿನ ಬೆಳಗಾದರೆ ಜೈತುನಬೀ ಚಹಾ ಹಿಡಿದು ಬಂದು, ಬಹಳ ಕಾಳಜಿಯಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ನೇಪಾಳದಾಗ ಥಂಡಿ ಹ್ಯಾಂಗೈತ್ರಿ, ವಕೀಲಸಾಬ್?"

ಶುಕ್ರವಾರ ಸಂಜೆ ಪಾರ್ವತೆಮ್ಮನೇ ಬಂದರು. ಬುತ್ತಿ ತಂದಿರಲಿಲ್ಲ. ಬಸ್ಸಿನ ಹೊರಗೇ ನಿಂತು, ಸಾಗುವಾನಿಯ ಹೊಸ್ತಿಲನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಹಾಲು ಉಕ್ಕಿಸಿ ಒಳಗ ಬಂದೀರಿ. ಇದು ನಿಮ್ಮ ಮನಿ ಹೌದಲ್ರಿ?"

"ಹೌದು," ಎಂದರು ಅಯ್ಯಣ್ಣನವರು, ಕೆಮ್ಮಿನ ನಡುವೆ, ಎಚ್ಚರ ತಪ್ಪಿ.

"ಹಂಗಾದ್ರ ನಿಮ್ಮ ಹೊಸ್ತಿಲ ದಿನಾ ತುಳದು ನಿಮ್ಮ ಪ್ರಮಾಣ ಮುರದು ಒಂದು ವಾರ ಆತು. ಇರ್ಲಿ, ನಾ ಯಾರ ಮುಂದೂ ಹೇಳಂಗಿಲ್ಲ." ಸೆರಗು ಸರಿಮಾಡಿಕೊಂಡು ಮುಂದುವರಿಸಿದರು: "ಇದು ನಿಮ್ಮದಾದಮ್ಯಾಲ ಅದು ನನ್ನ ಮನಿ. ನನ್ನ ಹೊಸ್ತಿಲ ತುಳಿಯಂಗಿಲ್ಲ ಅಂತ ನೀವೇನು ಅಂದಿಲ್ಲ. ಬೀಗರು ಬಂದಂಗ ಬರ್ರಿ."

ಇಪ್ಪತ್ತು ವರ್ಷದ ವಕಾಲತ್ತಿನಲ್ಲಿ ಎದುರಿನವರಿಂದ ಅಯ್ಯಣ್ಣನವರು ಇಂಥ ವಾದ ಕೇಳಿರಲಿಲ್ಲ. ಮೇಲ್ಮನವಿಗೆ ಎಡೆಯೇ ಇರಲಿಲ್ಲ. ಕಂಬಳಿ ಹೊದ್ದು ಹಿಂದೆ ನಡೆದರು.

ಪಾರ್ವತೆಮ್ಮ ಬೀಗರಿಗೆ ಯಾವ ಮರ್ಯಾದೆಯಲ್ಲೂ ಕೊರತೆ ಮಾಡಲಿಲ್ಲ. ಕಾಲಿಗೆ ನೀರು ಕೊಟ್ಟರು, ಜಮಖಾನ ಹಾಸಿದರು, ಬಿಸಿ ರೊಟ್ಟಿ ಎಣ್ಣೆಗಾಯಿ ಬಡಿಸಿದರು. ಮೂರನೆಯ ರೊಟ್ಟಿಯ ಹೊತ್ತಿಗೆ, ಬೀಗರನ್ನು ಕೇಳುವ ರೀತಿಯಲ್ಲೇ ಕೇಳಿದರು: "ಎಷ್ಟು ದಿನ ಇರ್ತೀರಿ?"

ಅಚ್ಚು ಬರುವತನಕ ಎಂದು ಅಯ್ಯಣ್ಣನವರು ತಗ್ಗಿದ ದನಿಯಲ್ಲಿ ಹೇಳಿದರು. ಅಚ್ಚು ಬಂತು, ಆ ಬಸ್ಸಿಗೆ ಹೊಂದಲಿಲ್ಲ. ಬೇರೆಯದನ್ನು ಹುಡುಕೆಂದು ಅವರು ದಸ್ತಗೀರಸಾಬನನ್ನು ಒತ್ತಾಯಿಸಲಿಲ್ಲ.

ನೇಪಾಳಯಾತ್ರೆಯ ಖರ್ಚು: ಪೆಟ್ರೋಲಿಗೆ ಆರು ರೂಪಾಯಿ. ಸಾಗುವಾನಿ ಹೊಸ್ತಿಲಿಗೆ ಹನ್ನೊಂದು ರೂಪಾಯಿ. ಹೊಂದದ ಅಚ್ಚಿಗೆ ರೈಲಿನ ಖರ್ಚು ಸೇರಿ ಎಪ್ಪತ್ತೆರಡು ರೂಪಾಯಿ. ಬೀಗರು ಬರಿಗೈಯಲ್ಲಿ ಬರಬಾರದೆಂದು ಪಾರ್ವತೆಮ್ಮ ದಾರಿಯಲ್ಲಿ ನೆನಪಿಸಿದ್ದರಿಂದ ಕೊಂಡ ಬಾಳೆಹಣ್ಣಿಗೆ ಆರಾಣೆ.