ರಸ್ತೆಗೆ ಬೆನ್ನು ಹಾಕಿದ ಬಂಗಲೆ

ನನಗೆ ನನ್ನ ತಲೆಗಿಂತ ಕಾಗದದ ಮೇಲೆ ನಂಬಿಕೆ ಹೆಚ್ಚು. ರುಜು, ಮೊಹರು ಬಿದ್ದ ಕಾಗದವಾದರಂತೂ ಕೈಮುಗಿದುಬಿಡುತ್ತೇನೆ. ಐವತ್ತರ ದಶಕದಲ್ಲಿ ನಾನು ಓವರ್‌ಸಿಯರ್ ಆಗಿದ್ದಾಗ, ಸರ್ಕೀಟು ಹೊರಟ ಸಾಹೇಬರು ತಂಗುವ ಪ್ರವಾಸಿ ಬಂಗಲೆಗಳಿಗೆಲ್ಲ ಒಂದೇ ನಕ್ಷೆ. ಮುಂದೆ ಕಂಬದ ವೆರಾಂಡ, ನಡುವೆ ಊಟದ ಹಾಲು, ಅಕ್ಕಪಕ್ಕ ಎರಡು ಕೋಣೆ, ಹಿಂದೆ ಅಡಿಗೆಮನೆ, ಬಚ್ಚಲು, ಮೇಲೆ ಮಂಗಳೂರು ಹೆಂಚು. ಯಾವ ಊರಲ್ಲಿ ಮಲಗಿದ್ದರೂ ಸಾಹೇಬರು ಕಣ್ಣುಮುಚ್ಚಿಕೊಂಡೇ ಬಚ್ಚಲಿಗೆ ಹೋಗಿಬರಬಹುದಿತ್ತು.

ಮೊದಲನೆಯದು ಚಾಮರಾಜನಗರದಲ್ಲಿ ಎದ್ದಿತ್ತು. ಅದೇ ನಕ್ಷೆ ಕೊಟ್ಟು, ಗುಂಡ್ಲುಪೇಟೆಯಲ್ಲಿ ಇನ್ನೊಂದು ಕಟ್ಟಿಸು ಎಂದು ನನ್ನನ್ನು ಕಳಿಸಿದರು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಬಂಗಲೆ ನೆಟ್ಟಗೆ ಎದ್ದರೆ ಖಾಯಂ, ಇಲ್ಲದಿದ್ದರೆ ಮಾವನ ದಿನಸಿ ಅಂಗಡಿಯೇ ಗತಿ. ಪಾಯಕ್ಕೆ ದಾರ ಹಿಡಿದ ದಿನವೇ ಗಾರೆ ಮೇಸ್ತ್ರಿ ಸಿದ್ದಯ್ಯ ತಲೆ ಕೆರೆದುಕೊಂಡ.

"ರಸ್ತೆ ಮೂಡ್ಲ ಕಡೆ ಅದೆ, ನೀವು ಮುಂಬಾಗ್ಲ ಪಡುವಕ್ಕೆ ಮಡಗ್ತಾ ಇದ್ದೀರಲ್ಲ ಬುದ್ಧಿ?"

ನಕ್ಷೆಯಲ್ಲಿ ಪಡುವಣಕ್ಕೆ ಎಂದೇ ಇದೆ, ಕೆಳಗೆ ಮೊಹರೂ ಇದೆ ಎಂದು ಅವನ ಬಾಯಿ ಮುಚ್ಚಿಸಿದೆ. ಚಾಮರಾಜನಗರದ ಬಂಗಲೆಗೆ ರಸ್ತೆ ಇರುವುದೇ ಪಡುವಣಕ್ಕೆ ಎಂಬುದು ನನಗೆ ಹೊಳೆದದ್ದು ಹೆಂಚು ಹೊದಿಸಿದ ಮೇಲೆ. ಊಟಿ ಬಸ್ಸಿನವರಿಗೆಲ್ಲ ನಮ್ಮ ಬಚ್ಚಲ ಕಿಂಡಿಯ ದರ್ಶನ. ತನ್ನ ಅಪ್ಪನ ಅಂಗಡಿಯಲ್ಲಿ ತಕ್ಕಡಿ ಹಿಡಿಯುವುದೂ ಒಂದು ಉದ್ಯೋಗವೇ ಎಂದು ಹೆಂಡತಿ ಸಮಾಧಾನ ಹೇಳಿದಳು. ಅದನ್ನು ಕೇಳಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ.

ತಪಾಸಣೆಗೆ ದೊಡ್ಡ ಎಂಜಿನಿಯರು ಬಂದರು. ಧೂಳು ಕೊಡವಿಕೊಂಡು ಅಡಿಗೆಮನೆಯ ಕಡೆಯಿಂದ ಒಳಹೊಕ್ಕು, ಹಾಲು ದಾಟಿ, ವೆರಾಂಡದ ಬೆತ್ತದ ಕುರ್ಚಿಯಲ್ಲಿ ಕೂತರು. ಎದುರಿಗೆ ಗೋಪಾಲಸ್ವಾಮಿ ಬೆಟ್ಟ, ತಣ್ಣನೆಯ ಗಾಳಿ. ಲಾರಿಯ ಧೂಳಿಲ್ಲ, ಹಾರನ್ನಿಲ್ಲ. ನಾನು ಕಂಬಕ್ಕೆ ಆತು ನಿಂತಿದ್ದೆ. ಎರಡನೇ ಲೋಟ ಕಾಫಿ ಮುಗಿಸಿ ಅವರು ಕೇಳಿದರು, "ವೆರಾಂಡ ಹೀಗೆ ತಿರುಗಿಸಬೇಕು ಅಂತ ಯಾರಿಗೆ ಹೊಳೀತು?"

ನಾನು ಬಾಯಿ ತೆರೆಯುವ ಮೊದಲೇ ಸಿದ್ದಯ್ಯ, "ಇವ್ರಿಗೇ, ಬುದ್ಧಿ. ನಾ ಬ್ಯಾಡ ಅಂದ್ರೂವೆ ಕೇಳ್ನಿಲ್ಲ" ಎಂದ.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಾಹೇಬರು ಭೇಷ್ ಎಂದರು. ಅಬ್ಬ, ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ಅಂದು ಮನೆಯಲ್ಲಿ ಮೂರು ಸಲ ಅನ್ನ ಹಾಕಿಸಿಕೊಂಡೆ.

ನೌಕರಿ ಖಾಯಂ ಆಯಿತು. ಹಿಂದೆಯೇ ಇನ್ನೊಂದು ಕಾಗದವೂ ಬಂತು: ಇನ್ನು ಮುಂದೆ ಬಂಗಲೆಗಳೆಲ್ಲ ರಸ್ತೆಗೆ ಬೆನ್ನು ಮಾಡಿಯೇ ಇರತಕ್ಕದ್ದು, ಮೊದಲನೆಯದು ತೆರಕಣಾಂಬಿಯ ದಾರಿಯಲ್ಲಿ. ಅಲ್ಲಿಗೆ ಹೋಗಿ ನೋಡಿದರೆ ನಿವೇಶನದ ಹಿಂಬದಿಗೆ ಸುಡುಗಾಡು. ಸಿದ್ದಯ್ಯ ದಾರದ ಉಂಡೆ ಹಿಡಿದು ನನ್ನ ಮುಖವನ್ನೇ ನೋಡಿದ. ನಾನು ಕಾಗದ ಬಿಚ್ಚಿ ಇನ್ನೊಮ್ಮೆ ನೋಡಿದೆ. ಮೊಹರಿತ್ತು.

"ಹಿಡಿಯಪ್ಪ ದಾರ" ಎಂದೆ.