ಬಸಳೆ ಚಿಗುರುವ ತನಕ

ಹೆದರಿಕೆಯನ್ನು ಮುಚ್ಚಿಡುವ ಸುಲಭ ದಾರಿಯೆಂದರೆ ಬೇರೆಯವರಿಗೆ ಧೈರ್ಯ ಹೇಳುವುದು. ಮನೆ ದಲ್ಲಾಳಿಯಾದ ನನಗೆ ಇದು ರೂಢಿಯಾಗಿಹೋಗಿದೆ. ಲಿಫ್ಟ್ ಕೆಟ್ಟ ಕಟ್ಟಡದ ಮೇಲಿನ ಮಹಡಿಗೆ ಏದುಸಿರು ಬಿಡುತ್ತಾ ಹತ್ತಿ, "ಒಳ್ಳೆಯ ವ್ಯಾಯಾಮ" ಎಂದು ಗಿರಾಕಿಗಳನ್ನು ಹುರಿದುಂಬಿಸಿದವನು ನಾನು. ದುಬೈಯ ದೇರಾದ ಗಲ್ಲಿಗಳಲ್ಲಿ ಫ್ಲ್ಯಾಟು ತೋರಿಸಿಕೊಂಡು ಹಾಯಾಗಿದ್ದೆ. ಅಷ್ಟರಲ್ಲಿ ನಾವೆಲ್ಲ ಅರಬಾಬ್ ಎಂದು ಕರೆಯುವ ನಮ್ಮ ಯಜಮಾನರು, ಮರುಭೂಮಿಯೊಳಗಿನ ತಮ್ಮ ತೋಟವನ್ನು ಬಾಡಿಗೆಗೆ ಕೊಡಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. "ತೋಟ ಹೋಗದಿದ್ದರೆ ನೀನು ಊರಿಗೆ ಹೋಗು, ಖಲಾಸ್" ಎಂದು ನಗುತ್ತಲೇ ಸೇರಿಸಿದರು. ನನ್ನ ವೀಸಾ ಮುಗಿಯುತ್ತಾ ಬಂದಿತ್ತು. ಹಾಗಾಗಿ ನನಗೆ ನಗು ಬರಲಿಲ್ಲ.

ತೋಟಕ್ಕೆ ಕಾರು ಹೋಗುವುದಿಲ್ಲ. ಡಾಂಬರು ಮುಗಿದಲ್ಲಿ ಒಂದು ಶೆಡ್ಡು, ಅದರಲ್ಲಿ ನಾಲ್ಕು ಚಕ್ರದ ಎರಡು ಬೈಕುಗಳು. ಮುಂದೆ ಬರೀ ಮರಳ ದಿಬ್ಬ. ತೋಟದ ಕಾವಲುಗಾರ ನನಗೆ ಒಂದೇ ಒಂದು ಪಾಠ ಹೇಳಿಕೊಟ್ಟು ರಜೆಗೆ ಊರಿಗೆ ಹೋಗಿದ್ದ. ಆ ಪಾಠದಲ್ಲಿ ನಾನು ಚೆನ್ನಾಗಿ ಕಲಿತದ್ದು ಬೀಳುವುದನ್ನು.

ಸಿಕ್ಕ ಗಿರಾಕಿಗಳು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ದಂಪತಿ, ನಮ್ಮ ಮಂಗಳೂರು ಕಡೆಯವರೇ. ಜೆರಿಬಾಬ್ ಹೋಟೆಲೊಂದರ ಆಫೀಸಿನಲ್ಲಿ, ಲಿಲ್ಲಿಬಾಯಿ ಆಸ್ಪತ್ರೆಯಲ್ಲಿ ನರ್ಸು. ರಜೆಯ ದಿನವಾದರೂ ಮಣ್ಣು ಮುಟ್ಟಬೇಕೆಂಬ ಆಸೆ ಇಬ್ಬರಿಗೂ. ವಾರದ ರಜೆಯಾದ ಶುಕ್ರವಾರ, ಇಗರ್ಜಿಯಲ್ಲಿ ಪೂಜೆ ಮುಗಿಸಿ ನೇರ ಬಂದಿದ್ದರು. ಲಿಲ್ಲಿಬಾಯಿಗೆ ರೇಷ್ಮೆ ಸೀರೆ, ಎತ್ತರದ ಚಪ್ಪಲಿ. ಜೆರಿಬಾಬರ ಕೈಯಲ್ಲಿ ಒದ್ದೆ ಪೇಪರಿನಲ್ಲಿ ಸುತ್ತಿದ ಬಸಳೆ ಕಡ್ಡಿಗಳು. ಜಾಗ ನೋಡುವ ಮೊದಲೇ ಬಳ್ಳಿ ತಂದ ಗಿರಾಕಿಯನ್ನು ಕಂಡು ನನಗೆ ವೀಸಾವೇ ಕೈಗೆ ಬಂದಷ್ಟು ಸಂತೋಷವಾಯಿತು.

"ಇದು ಮಗುಚಿ ಬೀಳುದಿಲ್ವಾ ಮಾರಾಯ್ರೆ?" ಎಂದರು ಲಿಲ್ಲಿಬಾಯಿ.

"ನಾನು ದಿನಾ ಓಡಿಸುದಲ್ವಾ ಲಿಲ್ಲಿಬಾಯಿ, ಎಂತ ಹೆದರಿಕೆ?" ಎಂದೆ.

ಅವರು ನನ್ನ ಹಿಂದೆ ಕುಳಿತರು. ಮೊದಲ ದಿಬ್ಬಕ್ಕೇ ನನ್ನ ಕಾಲರು ಹಿಡಿದು ಕೊಂಕಣಿಯಲ್ಲಿ ಪ್ರಾರ್ಥನೆ ಶುರುಮಾಡಿದರು. ಎರಡನೆಯದಕ್ಕೆ ನಾನೂ ಸಣ್ಣ ದನಿಯಲ್ಲಿ ಸೇರಿಕೊಂಡೆ; ಶಬ್ದಗಳು ಬಾರದಿದ್ದರೂ ಭಕ್ತಿ ನಿಜವಾದದ್ದೇ. ಇನ್ನೊಂದು ಬೈಕಿನಲ್ಲಿ ಜೆರಿಬಾಬ್, ಊರಿನಲ್ಲಿ ಸ್ಕೂಟರು ಓಡಿಸಿದ ಅಭ್ಯಾಸಬಲದಿಂದ, ಪ್ರತಿ ತಿರುವಿಗೂ ಕೈ ತೋರಿಸುತ್ತಾ ಬರುತ್ತಿದ್ದರು. ಅದನ್ನು ನೋಡಲು ಅಲ್ಲಿ ಒಂದು ಒಂಟೆಯೂ ಇರಲಿಲ್ಲ. ನಾನು ದಿಬ್ಬದ ನೆತ್ತಿಯಲ್ಲಿ ಹೆದರಿ ಬ್ರೇಕ್ ಹಾಕಿದೆ, ಚಕ್ರ ಹೂತುಕೊಂಡಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕಳಚಿ ಲಿಲ್ಲಿಬಾಯಿಯೇ ತಳ್ಳಿದರು. "ದಿನಾ ಓಡಿಸುವವರಿಗೆ ಒಂದು ದಿನ ಹೀಗಾಗ್ತದೆ, ಬೇಜಾರು ಮಾಡ್ಬೇಡಿ" ಎಂದರು.

ತೋಟ ಅವರಿಗೆ ಹಿಡಿಸಿತು. ಬಾವಿಯ ಬದಿಯಲ್ಲಿ ಬಸಳೆ ನೆಟ್ಟರು. ನಾನು ಒಪ್ಪಂದದ ಕಾಗದ ಹೊರತೆಗೆದರೆ ಜೆರಿಬಾಬ್ ಕೈ ಅಡ್ಡ ಹಿಡಿದರು. "ಬಸಳೆ ಹಿಡೀತದಾ ನೋಡುವ. ಬಸಳೆ ಬಾರದ ಮಣ್ಣು ನಮಗೆ ಎಂತಕ್ಕೆ?"

ಹೀಗೆ ನನ್ನ ವೀಸಾ ಬಸಳೆ ಕಡ್ಡಿಗೆ ಜೋತುಬಿದ್ದಿತು. ಕಾವಲುಗಾರನಿಲ್ಲ, ನೀರು ಹಾಕುವವರು ಯಾರು? ಆಫೀಸು ಮುಗಿಸಿ ದಿನವೂ ನಾನೇ ಹೊರಟೆ. ಬಿದ್ದೆ, ಎದ್ದೆ, ಹೂತುಕೊಂಡೆ. "ಎಲ್ಲಿದ್ದೀರಿ?" ಎಂದು ಹೆಂಡತಿ ಫೋನು ಮಾಡಿದಾಗ, "ಬಸಳೆಗೆ ನೀರು ಹಾಕಲು ಮರುಭೂಮಿಗೆ ಬಂದಿದ್ದೇನೆ" ಎಂದೆ. "ಸುಳ್ಳು ಹೇಳುದಾದ್ರೆ ಸ್ವಲ್ಪ ಯೋಚಿಸಿ ಹೇಳಿ" ಎಂದಳು. ಶುಕ್ರವಾರ ಬಂತೆಂದರೆ ದಂಪತಿ ಬಳ್ಳಿ ನೋಡಲು ಹಾಜರು. ಲಿಲ್ಲಿಬಾಯಿ, ನನ್ನ ಕಾಲರು, ಪ್ರಾರ್ಥನೆ.

ಬಸಳೆ ಚಿಗುರಿತು. ಖುಷಿಗೆ ಕುಣಿಯುವುದೊಂದು ಬಾಕಿ. ಜೆರಿಬಾಬ್ ಎಲೆ ಮುಟ್ಟಿ ನೋಡಿ, ಸಂಕೋಚದಿಂದ ಹೇಳಿದರು: "ಬಾಲ್ಕನಿಯ ಬಕೆಟಿನಲ್ಲಿ ನೆಟ್ಟದ್ದೂ ಹಿಡಿದಿದೆ ಮಾರಾಯ್ರೆ. ನಮಗೆ ಅದೇ ಸಾಕು. ಅಲ್ಲಿಗೆ ಹೋಗ್ಲಿಕ್ಕೆ ಬೈಕ್ ಬೇಡ ನೋಡಿ."

ನನಗೆ ಅಳುವೇ ಬಂತು. ಅರಬಾಬರಿಗೆ ವಿಷಯ ತಿಳಿಸಲು ಬಾಯಿ ಬಾರದೆ, ಅವರನ್ನೇ ಹಿಂದೆ ಕೂರಿಸಿಕೊಂಡು ತೋಟಕ್ಕೆ ಕರೆದೊಯ್ದೆ. ಅವರು ಹಸಿರು ಬಳ್ಳಿಯನ್ನು ಬಹಳ ಹೊತ್ತು ನೋಡಿದರು. "ತೋಟ ಯಾರಿಗೂ ಕೊಡುವುದು ಬೇಡ. ನೀನೇ ದಿನಾ ಬಂದು ನೋಡಿಕೋ. ಯಲ್ಲಾ, ಹೊರಡೋಣ" ಎಂದರು.

ವೀಸಾ ಉಳಿಯಿತು. ಈಗ ನಾನು ನಿಜವಾಗಿಯೂ ದಿನಾ ಓಡಿಸುತ್ತೇನೆ. ಲಿಲ್ಲಿಬಾಯಿಯ ಪ್ರಾರ್ಥನೆಯೂ ಪೂರ್ತಿ ಬಾಯಿಪಾಠವಾಗಿದೆ. ದಿಬ್ಬ ಏರುವಾಗ ಒಬ್ಬನೇ ಇದ್ದರೂ ಗಟ್ಟಿಯಾಗಿ ಹೇಳುತ್ತೇನೆ.